ಗಡಿ ಕಾಡಿಗೆ ಮಗಳು ಹೋಗಬಹುದಾ? ಹೋಗಲಿ, ಒಬ್ಬಳೇ ಬೇಡ

ಸರ್, ಪೋಲೆಂಡಿನ ವಾರ್ಸಾದಲ್ಲಿ ಓದುತ್ತಿರುವ ಮಗಳು ಬೆಲಾರುಸ್ ಗಡಿ ಕಾಡಿನಲ್ಲಿ ಸಿಕ್ಕಿಬಿದ್ದ ವಲಸಿಗರಿಗೆ ನೆರವಾಗಲು ಹೊರಟಿದ್ದಾಳೆ, ಕಳಿಸಲಾ ಅಂತ ಕೇಳಿದ್ದೀರಿ. ಕಳಿಸಿ. ಆದರೆ 2021ರಲ್ಲಿ ಶುರುವಾದ ಗ್ರೂಪಾ ಗ್ರಾನಿತ್ಸಾ ಎಂಬ ವಲಸಿಗರ ನೆರವಿನ ಪೋಲಿಷ್ ಬಳಗದಂಥ ಅನುಭವಿಗಳ ಜೊತೆಗೇ ಹೋಗಲಿ. ಬಿಸಿ ಸೂಪು, ಒಣ ಕಾಲುಚೀಲ, ಪವರ್ ಬ್ಯಾಂಕ್ ಹೊತ್ತು ನಡೆಯಬೇಕು. ನಮ್ಮ ಸಕಲೇಶಪುರದ ಜುಲೈ ಮಳೆಯಲ್ಲಿ ತೋಟದಲ್ಲಿ ನೆನೆದವರಿಗೆ ಗೊತ್ತಲ್ವಾ, ಒದ್ದೆ ಬಟ್ಟೆ ಮೈಮೇಲಿದ್ದರೆ ಎಷ್ಟು ಕಂಬಳಿ ಹೊದ್ದರೂ ನಡುಕ ನಿಲ್ಲುವುದಿಲ್ಲ, ಅಲ್ಲಂತೂ ಚಳಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಕಾವಲಿನವರು ಬೇಲಿಯಾಚೆ ಮತ್ತೆ ಮತ್ತೆ ತಳ್ಳಿದ ಜನ ಆ ಕಾಡಿನಲ್ಲೇ ಸತ್ತಿದ್ದಾರೆ. ಕಾಡಿನಲ್ಲಿ ಸಿಕ್ಕವರ ಒದ್ದೆ ಬಟ್ಟೆ ಮೊದಲು ಬದಲಿಸಲಿ. ಯಾರನ್ನೂ ಕಾರಿಗೆ ಹತ್ತಿಸಿಕೊಳ್ಳಬೇಡ ಅನ್ನಿ. 2022ರಲ್ಲಿ ಒಂದು ಕುಟುಂಬಕ್ಕೆ ಊಟ, ಬಟ್ಟೆ ಕೊಟ್ಟು ಕಾರಿನಲ್ಲಿ ಕರೆದೊಯ್ದ ಐವರು ವರ್ಷಗಟ್ಟಲೆ ಕೇಸು ಎದುರಿಸಿದರು. ನಿಮ್ಮ ಮಗಳು ವೀಸಾ ಮೇಲಿದ್ದಾಳೆ, ವಕೀಲರ ನಂಬರ್ ಜೇಬಿನಲ್ಲೇ ಇರಲಿ.