ಲೈಸೆನ್ಸ್ ಸಿಕ್ಕಿ ಎರಡೇ ತಿಂಗಳು, ಚಾರ್ಮಾಡಿ ಘಾಟಿ ಇಳಿಬಹುದಾ?

ಲೈಸೆನ್ಸ್ ಬಂದು ಎರಡು ತಿಂಗಳಾಗಿದೆ, ಬೆಂಗಳೂರು ಟ್ರಾಫಿಕ್ಕಲ್ಲಿ ದಿನಾ ಓಡಿಸ್ತೀನಿ, ಅಪ್ಪ ಅಮ್ಮನ್ನ ಕೂರಿಸ್ಕೊಂಡು ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗ್ಬಹುದಾ ಅಂತ ಕೇಳಿದೀರ. ಹೋಗ್ಬಹುದು. ಆದ್ರೆ ಸಿಟಿಯಲ್ಲಿ ಕಲ್ತಿರೋ ಒಂದು ಅಭ್ಯಾಸನ ಘಾಟಿ ಶುರುವಾಗೋ ಕೊಟ್ಟಿಗೆಹಾರದಲ್ಲೇ ಬಿಟ್ಟು ಇಳೀಬೇಕು, ಯಾವುದು ಅಂದ್ರೆ ಸ್ಪೀಡ್ ಕಮ್ಮಿ ಮಾಡೋಕೆ ಬ್ರೇಕ್ ಒಂದನ್ನೇ ನಂಬೋದು.

ನಾನು ಮೊದಲ ಸಲ ಇಳಿದಾಗ ಪಕ್ಕದಲ್ಲಿ ನಮ್ಮ ಸೋದರಮಾವ ಕೂತಿದ್ರು, ಮೂಡಿಗೆರೆ ಕಡೆ ತೋಟದ ಜೀಪ್ ಓಡಿಸಿ ಓಡಿಸಿ ಪಳಗಿದವರು. ನಾನು ಮೂರನೇ ಗೇರಲ್ಲಿ ಹಾಕಿ, ಬ್ರೇಕ್ ಮೇಲಿಂದ ಕಾಲೇ ತೆಗೀದೆ ಇಳಿಸ್ತಾ ಇದ್ದೆ, ನಿಧಾನಕ್ಕೇ ಹೋಗ್ತಿದೀನಲ್ಲ ಅನ್ನೋ ಧೈರ್ಯ ಬೇರೆ. ಆರೇಳು ತಿರುವು ಕಳೆದಿತ್ತೋ ಏನೋ, ಹಳೇ ರಬ್ಬರ್ ಸುಟ್ಟಂಗೆ ಒಂದು ವಾಸನೆ ಬಂತು, ಹೊರಗಡೆ ಯಾರೋ ಏನೋ ಸುಡ್ತಿದಾರೆ ಅಂದ್ಕೊಂಡೆ. ಮಾವ ಗ್ಲಾಸ್ ಇಳಿಸಿ ಮೂಸಿ ನೋಡಿ, "ಎಡಕ್ಕೆ ಹಾಕು ಮಾರಾಯ್ತಿ, ನಿನ್ನ ಬ್ರೇಕೇ ಸುಡ್ತಿರೋದು" ಅಂದ್ರು. ಮುಂದಿನ ತಿರುವಿಗೆ ಪೆಡಲ್ ಒತ್ತಿದ್ರೆ ಯಾವತ್ತಿಗಿಂತ ಜಾಸ್ತಿನೇ ಒಳಗೆ ಹೋಯ್ತು, ಕಾಲಿಗೆ ಹಿಡಿತಾನೇ ಸಿಗ್ಲಿಲ್ಲ, ಆ ಅರ್ಧ ಸೆಕೆಂಡ್ ಇವತ್ತಿಗೂ ನೆನಪಿದೆ. ಹೇಗೋ ಜಾಗ ಇತ್ತು, ನಿಲ್ಸಿದ್ವಿ, ಅರ್ಧ ಗಂಟೆ ಅಲ್ಲೇ ಕೂತ್ವಿ.

ಆಗಿದ್ದು ಇಷ್ಟೇ. ಬ್ರೇಕ್ ಅಂದ್ರೆ ತಿಕ್ಕಾಟ, ತಿಕ್ಕಾಟ ಅಂದ್ರೆ ಬಿಸಿ. ಬಿಟ್ಟು ಬಿಟ್ಟು ಹಿಡಿದ್ರೆ ಗಾಳಿಗೆ ತಣ್ಣಗಾಗುತ್ತೆ, ಒತ್ತಿ ಹಿಡಿದೇ ಇಳಿದ್ರೆ ಬಿಸಿ ಏರ್ತಾನೇ ಹೋಗಿ ಪ್ಯಾಡಿನ ಹಿಡಿತ ಕಮ್ಮಿ ಆಗುತ್ತೆ. ಬ್ರೇಕ್ ಆಯಿಲ್ ಹಳೇದಾಗಿ ನೀರಿನಂಶ ಹೀರ್ಕೊಂಡಿದ್ರೆ ಅದು ಕುದ್ದು ಒಳಗೆ ಆವಿ ಗುಳ್ಳೆ ಆಗುತ್ತೆ, ಆಗ ಪೆಡಲ್ ಸ್ಪಂಜ್ ಥರ. ಎಬಿಎಸ್ ಇದೆಯಲ್ಲ ಅಂತ ಇರ್ಬೇಡಿ, ಅದು ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳುತ್ತೆ ಅಷ್ಟೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಾಗಾಗಿ ಗೇರಲ್ಲಿ ಇಳೀರಿ. ಹತ್ತೋಕೆ ಯಾವ ಗೇರ್ ಬೇಕಾಗುತ್ತೋ ಇಳಿಯೋಕೂ ಅದೇ ಗೇರ್ ಅಂತ ಮಾವ ಹೇಳೋದು. ಚಾರ್ಮಾಡಿಯಲ್ಲಿ ಹೆಚ್ಚಿನ ಕಡೆ ಎರಡನೇ ಗೇರ್, ಹೇರ್‌ಪಿನ್ ತಿರುವಲ್ಲಿ ಬೇಕಾದ್ರೆ ಒಂದು. ಇಂಜಿನ್ ಜೋರಾಗಿ ಸೌಂಡ್ ಮಾಡುತ್ತೆ, ಹೆದರ್ಬೇಡಿ, ಗಾಡಿನ ಹಿಡ್ಕೊಂಡಿರೋದು ಅದೇ. ಬ್ರೇಕನ್ನ ತಿರುವಿಗೆ ಮುಂಚೆ, ನೆಟ್ಟಗಿರೋ ರೋಡಲ್ಲೇ ಗಟ್ಟಿಯಾಗಿ ಒಂದು ಸಲ ಒತ್ತಿ ಬಿಟ್ಬಿಡಿ, ತಿರುವಿನ ಮಧ್ಯೆ ಒತ್ತೋ ಪರಿಸ್ಥಿತಿ ತಂದ್ಕೋಬೇಡಿ, ಅದ್ರಲ್ಲೂ ಮಳೇಲಿ. ಕ್ಲಚ್ ಮೇಲೆ ಕಾಲಿಟ್ಕೊಂಡು ಜಾರಿಸೋದೂ ಬೇಡ, ಕ್ಲಚ್ ಒತ್ತಿದ ತಕ್ಷಣ ಇಂಜಿನ್ ಹಿಡಿತ ಹೋಯ್ತು ಅಂತ ಅರ್ಥ.

ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲಲ್ಲಿ ಇಳಿಸೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ. ಈಗಿನ ಫ್ಯುಯಲ್ ಇಂಜೆಕ್ಷನ್ ಕಾರುಗಳು ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಪೆಟ್ರೋಲ್ ಸಪ್ಲೈನೇ ನಿಲ್ಲಿಸ್ತವೆ, ನ್ಯೂಟ್ರಲ್ ಹಾಕಿದ್ರೆ ಇಂಜಿನ್ ಆಫ್ ಆಗ್ದೇ ಇರೋಕೆ ಕುಡೀತಾನೇ ಇರುತ್ತೆ, ಅಂದ್ರೆ ಉಳಿತಾಯನೂ ಇಲ್ಲ. ಕೀ ತಿರುಗಿಸಿ ಆಫ್ ಮಾಡಿದ್ರಂತೂ ಪವರ್ ಸ್ಟೀರಿಂಗೂ ಹೋಗುತ್ತೆ, ಬ್ರೇಕೂ ಕಲ್ಲಿನ ಥರ ಬಿಗಿಯಾಗುತ್ತೆ. ನಿಮ್ದು ಆಟೋಮ್ಯಾಟಿಕ್ ಆದ್ರೆ ಡಿ ಅಲ್ಲೇ ಬಿಡ್ಬೇಡಿ, ಮ್ಯಾನ್ಯುಯಲ್ ಮೋಡೋ ಎಲ್ (ಲೋ ಗೇರ್) ಮೋಡೋ ಏನಿದೆ ಅಂತ ಮನೇಲೇ ನೋಡ್ಕೊಂಡು ಹೊರಡಿ. ಎಲೆಕ್ಟ್ರಿಕ್ ಆದ್ರೆ ಘಾಟಿ ತಲೆಯಲ್ಲಿ ಬ್ಯಾಟರಿ ಫುಲ್ ಇರ್ಬಾರ್ದು, ಫುಲ್ ಇದ್ರೆ ರೀಜೆನ್, ಅಂದ್ರೆ ಮೋಟರೇ ಗಾಡಿನ ನಿಧಾನ ಮಾಡಿ ಆ ಶಕ್ತಿನ ಬ್ಯಾಟರಿಗೆ ತುಂಬೋದು, ಸರಿಯಾಗಿ ಕೆಲಸ ಮಾಡಲ್ಲ.

ಇನ್ನು ಹಿಂದಿನವರ ಹಾರ್ನ್. ಹೊಸಬರು ತಪ್ಪು ಮಾಡೋದು ಹೆಚ್ಚಾಗಿ ಇದಕ್ಕೇ ಅನ್ಸುತ್ತೆ ನಂಗೆ. ಹಿಂದೆ ಒಬ್ಬ ಪಾಂ ಪಾಂ ಅಂತಿದ್ರೆ ನಮಗೆ ಗೊತ್ತಿಲ್ದೇ ಸ್ಪೀಡ್ ಜಾಸ್ತಿ ಆಗುತ್ತೆ. 40ರಲ್ಲಿ ಹೋಗ್ತಿದ್ರೆ ಸೆಕೆಂಡಿಗೆ 11 ಮೀಟರ್ ಹೋಗ್ತೀವಿ, ಕನ್ನಡಿ ನೋಡಿ ಗಾಬರಿ ಆಗೋ ಒಂದು ಸೆಕೆಂಡಲ್ಲಿ ಎರಡು ಕಾರಿನಷ್ಟು ಉದ್ದ ದಾಟಿ ಹೋಗಿರುತ್ತೆ. ಅಗಲ ಸಿಕ್ಕ ಕಡೆ ಇಂಡಿಕೇಟರ್ ಹಾಕಿ ಎಡಕ್ಕೆ ಸರಿದು ಅವ್ರನ್ನ ಕಳಿಸ್ಬಿಡಿ.

ಕಿರಿದಾದ ಜಾಗದಲ್ಲಿ ಹತ್ತಿ ಬರೋ ಗಾಡಿಗೆ ಮೊದಲ ಹಕ್ಕು, ಇಳಿಯೋರು ನಿಂತು ದಾರಿ ಬಿಡ್ಬೇಕು, ಇದು ಕಾನೂನಲ್ಲೇ ಇದೆ. ಕೆಂಪು ಬಸ್ ಬಂತು ಅಂದ್ರೆ ಹೇರ್‌ಪಿನ್ನಲ್ಲಿ ಅದಕ್ಕೆ ಪೂರ್ತಿ ರೋಡ್ ಬೇಕು, ಪಕ್ಕದಲ್ಲಿ ನುಗ್ಗೋಕೆ ಹೋಗ್ದೆ ತಿರುವಿಗೆ ಮುಂಚೆನೇ ನಿಂತ್ಕೊಳ್ಳಿ. ಮುಂದಿನದು ಕಾಣದ ತಿರುವಲ್ಲಿ ಸಣ್ಣದಾಗಿ ಹಾರ್ನ್ ಹೊಡೀರಿ, ಗ್ಲಾಸ್ ಸ್ವಲ್ಪ ಇಳಿಸಿರಿ, ಕೆಳಗಿಂದ ಬರೋ ಗಾಡಿ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತೆ.

ಮಂಜು ಬಂದ್ರೆ ಹೈ ಬೀಮ್ ಹಾಕ್ಬೇಡಿ, ಬೆಳಕೆಲ್ಲ ವಾಪಸ್ ಬಂದು ಬಿಳಿ ಗೋಡೆ ಥರ ಕಾಣುತ್ತೆ, ಡಿಮ್ಮಲ್ಲೇ ಹೋಗಿ. ನಾಲ್ಕೂ ಇಂಡಿಕೇಟರ್ ಮಿನುಗಿಸ್ಕೊಂಡು ಓಡಿಸೋದೂ ತಪ್ಪು, ನೀವು ನಿಂತಿದೀರೋ ತಿರುಗ್ತೀರೋ ಹಿಂದಿನವರಿಗೆ ತಿಳಿಯಲ್ಲ. ಮಳೆಗಾಲದಲ್ಲಿ ಜಲಪಾತ ನೋಡೋಕೆ ಅಂತ ತಿರುವಲ್ಲೇ ಕಾರ್ ನಿಲ್ಸಿ ರೋಡ್ ಮಧ್ಯೆ ಫೋಟೋ ತೆಗಿಯೋರು ಇದ್ದೇ ಇರ್ತಾರೆ, ಪ್ರತಿ ತಿರುವಿನಾಚೆ ಒಬ್ರು ನಿಂತಿದಾರೆ ಅಂದ್ಕೊಂಡೇ ತಿರುಗಿಸಿ.

ಅಕಸ್ಮಾತ್ ನಿಮಗೂ ಆ ಸುಟ್ಟ ವಾಸನೆ ಬಂದ್ರೆ, ಅಗಲ ಇರೋ ಕಡೆ ನಿಲ್ಸಿ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಕಾಯಿರಿ. ಬೇಗ ತಣ್ಣಗಾಗ್ಲಿ ಅಂತ ನೀರು ಹಾಕ್ಬೇಡಿ, ಡಿಸ್ಕ್ ಸೊಟ್ಟಗಾಗ್ಬಹುದು. ಹೊರಡೋವಾಗ ಆ ಕಲ್ಲನ್ನ ಮರೀದೆ ಎತ್ತಿ ಪಕ್ಕಕ್ಕೆ ಹಾಕಿ, ರಾತ್ರಿ ಬರೋ ಬೈಕಿನವನಿಗೆ ಅದು ಕಾಣಲ್ಲ.

ಬೆಳಗ್ಗೆ 5ಕ್ಕೆ ಬೆಂಗಳೂರು ಬಿಟ್ರೆ ಹಾಸನ ಬೇಲೂರು ಮೂಡಿಗೆರೆ ಮೇಲೆ ಹನ್ನೊಂದರ ಹೊತ್ತಿಗೆ ಕೊಟ್ಟಿಗೆಹಾರ. ಅಲ್ಲಿ ನೀರ್ ದೋಸೆ ತಿನ್ನಿ, ಅಮ್ಮನಿಗೆ ವಾಂತಿ ಆಗೋ ಅಭ್ಯಾಸ ಇದ್ರೆ ಅವರನ್ನ ಮುಂದೆ ಕೂರಿಸಿ, ಹಿಂದೆ ಕೂತ ಅಪ್ಪನೂ ಬೆಲ್ಟ್ ಹಾಕ್ಕೊಳ್ಳಲಿ, ಬೇಡ ಅಂತಾರೆ, ಬಿಡ್ಬೇಡಿ. ಮತ್ತೆ ಎರಡನೇ ಗೇರ್. ಇಳಿದು ಉಜಿರೆ ಮುಟ್ಟಿದ್ಮೇಲೆ ಹೇಗಾಯ್ತು ಅಂತ ಇಲ್ಲೇ ಒಂದು ಸಾಲು ಬರೀರಿ, ಕಾಯ್ತಿರ್ತೀನಿ.