ಪುಣೆಯಲ್ಲಿ ನರ್ಸ್ ಕೆಲಸ: ದಾವಣಗೆರೆಯ ಅಣ್ಣನವರಿಗೆ ಜತ್ತ ಕಡೆಯವಳ ಉತ್ತರ

ಅಣ್ಣಾರ, ನಮಸ್ಕಾರ. ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ, ಪುಣೆಯ ಒಂದು ಖಾಸಗಿ ಆಸ್ಪತ್ರೆಯವರು ಕರೆದಿದ್ದಾರೆ, ಕಳಿಸಲೋ ಬೇಡವೋ ಅಂತ ಕೇಳಿದ್ದೀರಿ. ಜೊತೆಗೆ, ಮಹಾರಾಷ್ಟ್ರದಲ್ಲಿ ನರ್ಸ್‌ಗಳ ಕೊರತೆ ಇದೆ ಅನ್ನುತ್ತಾರೆ, ಹಾಗಿದ್ದರೆ ಇಷ್ಟು ಕಡಿಮೆ ಸಂಬಳ ಯಾಕೆ ಹೇಳುತ್ತಾರೆ ಅಂತಲೂ ಕೇಳಿದ್ದೀರಿ. ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದನ್ನು ನೀವೇ ತೀರ್ಮಾನಿಸಬಹುದು.

ನನ್ನ ಪರಿಚಯ ಇಷ್ಟು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕು, ಉಮದಿ ಕಡೆಯವಳು. ನಕ್ಷೆಯಲ್ಲಿ ನಾವು ಮಹಾರಾಷ್ಟ್ರದವರು, ಮನೆಯೊಳಗೆ ಕನ್ನಡದವರು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತೆ, ಆಮೇಲೆ ಮರಾಠಿ, ಮಿರಜಿಗೆ ಹೋಗಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡುವಾಗ ಇಂಗ್ಲಿಷ್. ಈಗ ಪುಣೆಯಲ್ಲಿ ಒಂದು ವಾರ್ಡಿನ ಸಿಸ್ಟರ್ ಇನ್‌ಚಾರ್ಜ್. ನಮ್ಮ ಕಡೆ ಮಳೆ ನಂಬಿ ಹೊಲ ಮಾಡಿ ಮನೆ ನಡೆಸುವುದು ಕಷ್ಟ. ಹನ್ನೆರಡನೆಯದು ಪಾಸಾದ ಹುಡುಗಿಯರಿಗೆ ಡಿ.ಎಡ್., ಇಲ್ಲವೇ ನರ್ಸಿಂಗ್. ಡಿ.ಎಡ್. ಮುಗಿಸಿದವರಿಗೆ ಮಾಸ್ತರಿಕೆ ಸಿಗುವುದು ನಿಂತ ಮೇಲೆ ನರ್ಸಿಂಗ್ ಒಂದೇ ಉಳಿಯಿತು. ಹಾಗಾಗಿ ಪುಣೆಯ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡೆಯ ಒಂದಿಬ್ಬರು ಸಿಕ್ಕೇ ಸಿಗುತ್ತಾರೆ.

ಈಗ ಕೊರತೆಯ ವಿಷಯ. ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ಇರುವುದು ಮುಂಬೈಯಲ್ಲಿ. 1966ರ ನರ್ಸಸ್ ಕಾಯ್ದೆಯಡಿ ಅದು ನಡೆಯುತ್ತದೆ. ಈ ರಾಜ್ಯದಲ್ಲಿ ನರ್ಸ್ ಆಗಿ ಕೆಲಸ ಮಾಡುವವರೆಲ್ಲ ಅಲ್ಲಿ ಹೆಸರು ನೋಂದಾಯಿಸಿರಬೇಕು. ವರ್ಷ ವರ್ಷ ಹೊಸ ಕಾಲೇಜುಗಳಿಂದ ಹುಡುಗಿಯರು ಹೊರಗೆ ಬರುತ್ತಾರೆ, ನೋಂದಣಿಯ ಸಂಖ್ಯೆ ಏರುತ್ತಲೇ ಇರುತ್ತದೆ. ಆದರೆ ಆ ಪಟ್ಟಿಯಲ್ಲಿ ದುಬೈಗೆ ಹೋದವಳ ಹೆಸರೂ ಇದೆ, ಮದುವೆಯಾಗಿ ಕೆಲಸ ಬಿಟ್ಟವಳ ಹೆಸರೂ ಇದೆ, ಎರಡು ರಾಜ್ಯಗಳಲ್ಲಿ ನೋಂದಾಯಿಸಿಕೊಂಡವಳ ಹೆಸರು ಎರಡು ಕಡೆಯೂ ಇದೆ. ಸರ್ಕಾರ ಸಾವಿರ ಜನರಿಗೆ ಇಷ್ಟು ನರ್ಸ್‌ಗಳಿದ್ದಾರೆ ಅಂತ ಹೇಳುವಾಗ ಎಣಿಸುವುದು ಈ ಪಟ್ಟಿಯನ್ನು. ರೋಗಿ ಗಂಟೆ ಒತ್ತಿದಾಗ ಬರುವವಳನ್ನು ಯಾರೂ ಎಣಿಸುವುದಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಸಿಎನ್‌ಇ (ಕೆಲಸದಲ್ಲಿದ್ದುಕೊಂಡೇ ಮುಂದುವರಿಸುವ ಕಲಿಕೆ) ತರಗತಿ ಅಂತ ನಿಯಮ ಇದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಆಧಾರ್‌ಗೆ ಜೋಡಿಸಿದ ಎನ್‌ಯುಐಡಿ ಸಂಖ್ಯೆ (ದೇಶಕ್ಕೆಲ್ಲ ಒಬ್ಬರಿಗೆ ಒಂದೇ ಗುರುತು) ಕೊಡಲು ಶುರು ಮಾಡಿದ್ದು ಇದೇ ಗೊಂದಲ ಬಿಡಿಸಲಿಕ್ಕೆ. ಎಲ್ಲರೂ ಅದರೊಳಗೆ ಬರುವ ತನಕ ಕಾಗದದ ಲೆಕ್ಕಕ್ಕೂ ವಾರ್ಡಿನ ಲೆಕ್ಕಕ್ಕೂ ತಾಳ ಕೂಡುವುದಿಲ್ಲ.

ವಾರ್ಡಿನ ಲೆಕ್ಕ ಹೇಗಿರುತ್ತದೆ ಅಂತ ಕೇಳಿ. ನೈಟ್ ಡ್ಯೂಟಿ, ಜನರಲ್ ವಾರ್ಡು, ಬೆಳಗಿನ ಐದು ಗಂಟೆ. ಆಗ ರಕ್ತದ ಸ್ಯಾಂಪಲ್ ತೆಗೆದು ಟ್ಯೂಬಿಗೆ ಹೆಸರು ಅಂಟಿಸಿ ಲ್ಯಾಬಿಗೆ ಕಳಿಸಬೇಕು. ಸಕ್ಕರೆ ಕಾಯಿಲೆಯವರ ಬೆರಳು ಚುಚ್ಚಿ ನೋಡಬೇಕು, ತಿಂಡಿಗೆ ಮೊದಲು ಇನ್ಸುಲಿನ್ ಕೊಡಬೇಕು. ಆರು ಗಂಟೆಯ ಆಂಟಿಬಯಾಟಿಕ್ ಕಲಸಿ ಹಾಕಬೇಕು. ಇನ್‌ಟೇಕ್ ಔಟ್‌ಪುಟ್ ಚಾರ್ಟು ಕೂಡಿಸಬೇಕು, ಮೂತ್ರದ ಚೀಲ ಖಾಲಿ ಮಾಡಿದ್ದನ್ನು ಬರೆಯಬೇಕು. ಎಂಟಕ್ಕೆ ಆಪರೇಷನ್ ಇರುವವನನ್ನು ತಯಾರು ಮಾಡಬೇಕು. ಇಷ್ಟರಲ್ಲಿ ಒಬ್ಬರಿಗೆ ಉಸಿರು ಕಟ್ಟಿದರೆ ಎಲ್ಲ ಅಲ್ಲೇ ನಿಲ್ಲುತ್ತದೆ. ಇಪ್ಪತ್ತು ಹಾಸಿಗೆಗೆ ಒಬ್ಬ ಸಿಸ್ಟರ್, ಒಬ್ಬ ಮಾವಶಿ ಇರುವ ರಾತ್ರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. (ಇಲ್ಲಿ ಆಯಾಗಳನ್ನು ಮಾವಶಿ ಅಂತಲೂ ವಾರ್ಡ್ ಬಾಯ್‌ಗಳನ್ನು ಮಾಮಾ ಅಂತಲೂ ಕರೆಯುತ್ತಾರೆ. ನಿಮ್ಮ ಮಗಳು ಮೊದಲ ದಿನವೇ ಇದನ್ನು ಕಲಿತರೆ ಅರ್ಧ ಕೆಲಸ ಸಲೀಸು.) ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಕೇಳಿದರೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐದು ಹಾಸಿಗೆಗೆ ಒಬ್ಬ ನರ್ಸ್, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂರಕ್ಕೆ ಒಬ್ಬರು, ರಜೆಯವರ ಬದಲಿಗೆ ಶೇ. 30ರಷ್ಟು ಹೆಚ್ಚುವರಿ. ಯಾವ ರೀತಿ ಲೆಕ್ಕ ಹಾಕಿದರೂ ನಾನು ಕಂಡ ರಾತ್ರಿಗಳು ಇದರ ಹತ್ತಿರವೂ ಬರುವುದಿಲ್ಲ.

ಹಾಗಾದರೆ ಜನ ಇಲ್ಲವೇ? ಇದ್ದಾರೆ. ಕೊಡುವ ಸಂಬಳಕ್ಕೆ ನಿಲ್ಲುವ ಜನ ಇಲ್ಲ. ನನ್ನ ಕಣ್ಣೆದುರು ನಡೆಯುವುದು ಇದು: ಹೊಸಬರು ಬರುತ್ತಾರೆ, ಒಂದೂವರೆ ಎರಡು ವರ್ಷ ಕೆಲಸ ಕಲಿಯುತ್ತಾರೆ, ಅನುಭವದ ಪತ್ರ ಕೈಗೆ ಬಂದ ಕೂಡಲೇ ಹೋಗುತ್ತಾರೆ. ವೆಂಟಿಲೇಟರ್ ನೋಡಿಕೊಳ್ಳಲು ಬರುವವಳು, ಇಸಿಜಿ ನೋಡಿ ಇದು ಸರಿ ಇಲ್ಲ ಅಂತ ಡಾಕ್ಟರನ್ನು ಎಬ್ಬಿಸುವವಳು, ಅವಳೇ ಮೊದಲು ಹೋಗುವುದು. ಉಳಿದವರು ಮತ್ತೆ ಹೊಸಬರಿಗೆ ಕೈ ಹಿಡಿದು ಕಲಿಸುತ್ತಾರೆ. ಆಸ್ಪತ್ರೆಯ ಆಡಳಿತದವರಿಗೆ ಇದು ಉಳಿತಾಯದಂತೆ ಕಾಣುತ್ತದೆ, ಯಾವಾಗಲೂ ಹೊಸಬರ ಸಂಬಳವೇ ಕೊಟ್ಟರಾಯಿತು. ಅದರ ಬೆಲೆ ತೆರುವವರು ರೋಗಿಗಳು. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಅಂಕಿ ಹೇಳುತ್ತೇನೆ. ರಾಜ್ಯ ಸರ್ಕಾರದ ಕಾಯಂ ಸ್ಟಾಫ್ ನರ್ಸ್‌ಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 35,400 ರೂಪಾಯಿಯಿಂದ ಶುರು, ಮೇಲೆ ಭತ್ಯೆ. ಪುಣೆಯ ಖಾಸಗಿ ಆಸ್ಪತ್ರೆಗಳಲ್ಲಿ ಹೊಸಬರಿಗೆ ನಾನು ಕೇಳುತ್ತಾ ಬಂದದ್ದು ಹದಿನೈದರಿಂದ ಇಪ್ಪತ್ತೈದು ಸಾವಿರ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ನರ್ಸ್‌ಗಳ ಸಂಬಳದ ಬಗ್ಗೆ ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಸಮಿತಿ ಹೇಳಿದ್ದು ಸ್ಪಷ್ಟವಾಗಿತ್ತು: 200 ಹಾಸಿಗೆಗಿಂತ ದೊಡ್ಡ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸಮಾನ ಸಂಬಳ ಕೊಡಬೇಕು, 100ರ ಮೇಲಿನದು ಶೇ. 10ಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, 50ರಿಂದ 100ರದು ಶೇ. 25ಕ್ಕಿಂತ ಹೆಚ್ಚು ಕಡಿಮೆ ಮಾಡಬಾರದು, 50ಕ್ಕಿಂತ ಚಿಕ್ಕದರಲ್ಲೂ 20,000ಕ್ಕಿಂತ ಕೆಳಗೆ ಇಳಿಯಬಾರದು. ಜಾರಿಗೆ ತರುವುದನ್ನು ರಾಜ್ಯಗಳಿಗೆ ಬಿಟ್ಟರು. ಕೇರಳದಲ್ಲಿ ನರ್ಸ್‌ಗಳು ಹೋರಾಡಿ 2018ರಲ್ಲಿ ಕನಿಷ್ಠ 20,000ದ ಆದೇಶ ಹೊರಡಿಸಿಕೊಂಡರು. ನಮ್ಮಲ್ಲಿ ಅದು ವಾರ್ಡಿನ ತನಕ ಬರಲೇ ಇಲ್ಲ.

ಹೀಗೆ ಜನ ಬಂದು ಹೋಗುವುದು ನಮ್ಮ ಡ್ಯೂಟಿ ಪಟ್ಟಿಯಲ್ಲೇ ಕಾಣುತ್ತದೆ. ನಾನು ಬಂದ ಹೊಸದರಲ್ಲಿ ಪುಣೆಯಲ್ಲಿ ಸಿಸ್ಟರ್ ಅಂದರೆ ಮಲಯಾಳಿ ಅನ್ನುವಂತಿತ್ತು. ನನಗೆ ಕೆಲಸ ಕಲಿಸಿದವರೂ ಅವರೇ. ಈಗ ಕೇರಳದ ಹುಡುಗಿಯರು ಇಲ್ಲಿ ಕೂರುವುದಿಲ್ಲ, ಊರಲ್ಲೇ ಎರಡು ವರ್ಷ ಮಾಡಿ ನೇರ ಹೊರದೇಶಕ್ಕೆ. ಅವರ ಜಾಗಕ್ಕೆ ಲಾತೂರ, ನಾಂದೇಡ, ಬೀಡ ಕಡೆಯ ಮರಾಠವಾಡದ ಹುಡುಗಿಯರು, ಈಶಾನ್ಯದವರು, ಮತ್ತೆ ನಾವು. ಗಂಡುಮಕ್ಕಳೂ ಹೆಚ್ಚಾಗಿದ್ದಾರೆ, ಐಸಿಯು ಮತ್ತು ಕ್ಯಾಶುವಾಲ್ಟಿಯಲ್ಲಿ ಬ್ರದರ್‌ಗಳಿಲ್ಲದೆ ಈಗ ನಡೆಯುವುದೇ ಇಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ನಾವು ಊರಿಗೆ ಹೋಗಬೇಕೆಂದರೆ ಉಳಿದ ಮಲಯಾಳಿ ಸಿಸ್ಟರ್‌ಗಳು ನಮ್ಮ ಡ್ಯೂಟಿ ಮಾಡುತ್ತಾರೆ, ಕ್ರಿಸ್‌ಮಸ್‌ಗೆ ನಾವು ಅವರದು ಮಾಡುತ್ತೇವೆ.

ಹೊರದೇಶದ ಹಾದಿಯೂ ಬದಲಾಗಿದೆ. ಮೊದಲು ಎಲ್ಲರೂ ಕೊಲ್ಲಿ ದೇಶದಲ್ಲಿ ನರ್ಸ್ ಪರವಾನಗಿಗೆ ಬೇಕಾದ ಪ್ರೊಮೆಟ್ರಿಕ್ ಪರೀಕ್ಷೆ ಕಟ್ಟುತ್ತಿದ್ದರು. ಏಜೆಂಟರ ಸುಲಿಗೆ ಎಷ್ಟಾಯಿತೆಂದರೆ, 2015ರಿಂದ ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಸರ್ಕಾರಿ ಸಂಸ್ಥೆಗಳ ಮೂಲಕವೇ ನರ್ಸ್‌ಗಳನ್ನು ಕಳಿಸಬೇಕು ಅಂತ ಕೇಂದ್ರ ನಿಯಮ ಮಾಡಬೇಕಾಯಿತು. ಈಗ ಜರ್ಮನಿಯ ಮಾತು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಜರ್ಮನಿಯ ಬಾಡೆನ್ ವುರ್ಟೆಂಬರ್ಗ್ ರಾಜ್ಯದ ಜೊತೆ ಕುಶಲ ಕೆಲಸಗಾರರನ್ನು ಕಳಿಸುವ ಒಪ್ಪಂದ ಮಾಡಿಕೊಂಡಿತು, ಅದರಲ್ಲಿ ನರ್ಸ್‌ಗಳೂ ಇದ್ದಾರೆ. ಅಲ್ಲಿ ಪೂರ್ಣ ನರ್ಸ್ ಅಂತ ಮಾನ್ಯತೆ ಸಿಗಲು ಜರ್ಮನ್ ಭಾಷೆ ಬಿ2 ಮಟ್ಟದ್ದು, ಅಂದರೆ ಸಲೀಸಾಗಿ ಮಾತಾಡುವಷ್ಟು, ಬೇಕು. ಪುಣೆಯ ಮ್ಯಾಕ್ಸ್ ಮುಲ್ಲರ್ ಭವನದ ತರಗತಿಗೆ ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲೇ ಹೋಗುವ ಹುಡುಗಿಯರು ನಮ್ಮಲ್ಲೂ ಇದ್ದಾರೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಆದ ಮೇಲೆ ಐದನೆಯ ಭಾಷೆ. ಅವರು ಹೋಗುವುದನ್ನು ನಾನು ತಪ್ಪು ಅನ್ನುವುದಿಲ್ಲ.

ಸರ್ಕಾರಿ ನೌಕರಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಗಡಿಯ ಮಾತು ಬರುವುದು ಇಲ್ಲೇ. ಮಹಾರಾಷ್ಟ್ರದ ಸರ್ಕಾರಿ ಹುದ್ದೆಗೆ ಇಲ್ಲಿ ಹದಿನೈದು ವರ್ಷ ವಾಸವಿದ್ದ ಡೊಮಿಸೈಲ್ ಸರ್ಟಿಫಿಕೇಟು ಬೇಕು. ನಿಮ್ಮ ಮಗಳಿಗೆ ಅದು ಸದ್ಯಕ್ಕೆ ಸಿಗುವಂಥದ್ದಲ್ಲ. ಮಹಾರಾಷ್ಟ್ರ ತನ್ನದೆಂದು ಹೇಳುವ ಬೆಳಗಾವಿ, ಬೀದರ, ಕಲಬುರಗಿ, ಕಾರವಾರ ಕಡೆಯ 865 ಹಳ್ಳಿಗಳ ಮರಾಠಿ ಭಾಷಿಕರಿಗೆ ಮಾತ್ರ ಇಲ್ಲಿ ಆ ನಿಯಮದಲ್ಲಿ ಸಡಿಲಿಕೆ ಇದೆ. ಆ ಕಡೆ ಕರ್ನಾಟಕದ ಸಿಇಟಿಯಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದ ಕನ್ನಡ ಮಕ್ಕಳಿಗೆ ಅರ್ಹತೆ ಇದೆ. ಎರಡೂ ಸರ್ಕಾರಗಳು ನಮ್ಮನ್ನು ನೆನೆಸಿಕೊಳ್ಳುವುದು ಹೀಗೆ. ಇನ್ನು ಕಾಯಂ ಹುದ್ದೆ ತುಂಬುವ ಬದಲು ಏಜೆನ್ಸಿ ಮೂಲಕ ನೇಮಕ ಮಾಡುವುದಕ್ಕೆ ಹೊರಟಾಗ 2022ರ ಮೇ ತಿಂಗಳಲ್ಲಿ ರಾಜ್ಯದ ಸರ್ಕಾರಿ ನರ್ಸ್‌ಗಳು ಮುಷ್ಕರ ಹೂಡಿದರು. ನಾನು ಖಾಸಗಿಯವಳಾದರೂ ಆ ಹೋರಾಟ ನಮ್ಮದೂ ಹೌದು, ಅಲ್ಲಿ ಸಂಬಳ ಕುಸಿದರೆ ಇಲ್ಲಿ ಮತ್ತೂ ಕುಸಿಯುತ್ತದೆ.

ಪುಣೆಯ ವಾರ್ಡಿನಲ್ಲಿ ಕನ್ನಡ ಬೇಕಾಗುತ್ತದಾ ಅಂತ ನಗುತ್ತಾ ಕೇಳಿದ್ದಿರಿ. ದಿನಾ ಬೇಕು. ಇಂಡಿ, ಚಡಚಣ, ಆಳಂದ, ಅಫಜಲಪುರದ ರೋಗಿಗಳು ಮೊದಲು ಸೊಲ್ಲಾಪುರಕ್ಕೋ ಮಿರಜಿಗೋ ಹೋಗುತ್ತಾರೆ, ಅಲ್ಲಿ ಆಗದಿದ್ದರೆ ಪುಣೆ. ಮಗನಿಗೆ ಹಿಂದಿ ಬರುತ್ತದೆ, ಅವನು ಕೌಂಟರಿನಲ್ಲಿ ಬಿಲ್ ಕಟ್ಟುತ್ತಿರುತ್ತಾನೆ, ಮುದುಕಿ ಒಬ್ಬಳೇ ಹಾಸಿಗೆಯ ಮೇಲೆ. ಹೋದ ಮಳೆಗಾಲದಲ್ಲಿ ಅಂಥ ಒಬ್ಬ ಆಯಿ ಮೂರು ದಿನ ಊಟ ಬಿಟ್ಟಿದ್ದಳು. ಡಯಟೀಷಿಯನ್ ಬಂದು ಹೋದರು, ಡಾಕ್ಟರು ನಳಿಗೆ ಹಾಕೋಣವೇ ಅಂದರು. ನಾನು ಪಕ್ಕ ಕೂತು, “ಯಾಕ ಆಯಿ, ಉಣವಲ್ಲಿ?” ಅಂದೆ. “ಯವ್ವಾ, ಹಲ್ಲಿನ ಸೆಟ್ಟು ಊರಾಗ ಉಳದೈತಿ, ಈ ಚಪಾತಿ ಹ್ಯಾಂಗ ಅಗೀಲಿ?” ಅಂದಳು. ಅನ್ನ ಹಾಲು ಕಲಸಿ ಕೊಟ್ಟೆವು. ಇಂಥ ಕೆಲಸಕ್ಕೆ ಸಂಬಳದ ಚೀಟಿಯಲ್ಲಿ ಯಾವ ಸಾಲೂ ಇಲ್ಲ. ಅದೇ ಆಸ್ಪತ್ರೆಯಲ್ಲಿ ಅರಬ್ ದೇಶದ ರೋಗಿಗಳಿಗೆ ದುಭಾಷಿ ಇಟ್ಟಿರುತ್ತಾರೆ, ಸಂಬಳ ಕೊಟ್ಟು.

ಈಗ ನಿಮ್ಮ ಮಗಳ ಕಾಗದಪತ್ರ. ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು, ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತೆಗೆದುಕೊಂಡು ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು. ಆಮೇಲೆ ಮಾಡಿದರಾಯಿತು ಅಂತ ಆಸ್ಪತ್ರೆಯವರು ಅಂದರೂ ಕೇಳಬೇಡಿ. ನೋಂದಣಿ ಇಲ್ಲದ ಹುಡುಗಿಗೆ ಸಂಬಳ ಕೇಳುವ ಬಾಯಿ ಇರುವುದಿಲ್ಲ. ನೋಂದಣಿಗೆ ಮೊದಲು ಮಾಡಿದ ಕೆಲಸವನ್ನು ಮುಂದೆ ಅನುಭವ ಅಂತ ತೋರಿಸುವುದೂ ಕಷ್ಟ.

ಎರಡನೆಯದು ಬಾಂಡು. ಒಂದೋ ಎರಡೋ ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಹಣ ಅಂತ ಬರೆಸಿಕೊಳ್ಳುತ್ತಾರೆ, ಕೆಲವರು ಮೂಲ ಸರ್ಟಿಫಿಕೇಟುಗಳನ್ನೇ ಇಟ್ಟುಕೊಳ್ಳುತ್ತಾರೆ. 2011ರಲ್ಲಿ ಮುಂಬೈಯಲ್ಲಿ ಕೇರಳದ ಒಬ್ಬ ಯುವ ನರ್ಸ್ ಜೀವ ಕಳೆದುಕೊಂಡ ಮೇಲೆ ಇದರ ವಿರುದ್ಧ ನರ್ಸ್‌ಗಳು ಕೆಲಸ ನಿಲ್ಲಿಸಿ ಹೊರಗೆ ಬಂದಿದ್ದರು. ಆಗಿನಿಂದ ಬಾಯಲ್ಲಿ ಬಾಂಡು ಇಲ್ಲ ಅನ್ನುತ್ತಾರೆ, ಕಾಗದದಲ್ಲಿ ಬೇರೆ ಹೆಸರಲ್ಲಿ ಬರುತ್ತದೆ. ನನ್ನ ಜೊತೆಗಾತಿಯೊಬ್ಬಳಿಗೆ ತಂದೆ ತೀರಿಹೋದಾಗ ಊರಲ್ಲೇ ಉಳಿಯಬೇಕಾಯಿತು, ತನ್ನ ಅಂಕಪಟ್ಟಿ ಬಿಡಿಸಿಕೊಳ್ಳಲು ಅವಳು ಸಾಲ ಮಾಡಿದಳು. ಮೂಲ ಪ್ರತಿ ಪರಿಶೀಲನೆಗೆ ತೋರಿಸಿ ಅಲ್ಲೇ ವಾಪಸು ತೆಗೆದುಕೊಳ್ಳಲಿ. ಕೊಡಲೇಬೇಕು ಅಂದರೆ ಆ ಕೆಲಸ ಬೇಡ.

ಸಂದರ್ಶನದಲ್ಲಿ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು: ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಎಷ್ಟು ರೋಗಿಗಳು? ಪಿಎಫ್ ಮತ್ತು ಹಾಸ್ಟೆಲ್ ಬಾಡಿಗೆ ಕಳೆದು ಕೈಗೆ ಬರುವುದೆಷ್ಟು? ಐಸಿಯುನಲ್ಲಿ ಹಾಕುತ್ತಾರಾ? ಐಸಿಯು ಸಿಕ್ಕರೆ ಸಂಬಳ ಸ್ವಲ್ಪ ಕಡಿಮೆಯಾದರೂ ಒಪ್ಪಬಹುದು, ಅಲ್ಲಿ ಕಲಿತದ್ದಕ್ಕೆ ಎಲ್ಲಿ ಹೋದರೂ ಬೆಲೆ ಇದೆ. ಇಪ್ಪತ್ತು ಸಾವಿರಕ್ಕಿಂತ ಕಡಿಮೆ, ಜನರಲ್ ವಾರ್ಡು, ಮೇಲೆ ಬಾಂಡು ಅಂದರೆ ನಾನಾದರೆ ನನ್ನ ತಂಗಿಯನ್ನು ಕಳಿಸುವುದಿಲ್ಲ. ಬಾಂಡಿಲ್ಲದೆ ಐಸಿಯು, ಸುರಕ್ಷಿತ ಹಾಸ್ಟೆಲ್ ಅಂದರೆ ಕಳಿಸಿ. ಎರಡು ವರ್ಷಕ್ಕೆ ಪುಣೆ ಒಳ್ಳೆಯ ಊರು. ಹೆಣ್ಣುಮಕ್ಕಳು ರಾತ್ರಿ ಡ್ಯೂಟಿಗೆ ಹೋಗಿ ಬರುವುದು ಇಲ್ಲಿ ಯಾರಿಗೂ ವಿಶೇಷವಲ್ಲ. ಕನ್ನಡ ಸಂಘ ಇದೆ, ಅವರ ಕಾವೇರಿ ಶಾಲೆ ಕಾಲೇಜುಗಳಿವೆ, ಜೋಳದ ರೊಟ್ಟಿ ಸಿಗುವ ಖಾನಾವಳಿಗಳಿವೆ. ಮರಾಠಿ ಮೂರು ತಿಂಗಳಲ್ಲಿ ಬರುತ್ತದೆ, ರೋಗಿಗಳೇ ಕಲಿಸುತ್ತಾರೆ.

ಇನ್ನೊಂದು. ಮುಂದಿನ ಸಲ ಬರೆಯುವುದಾದರೆ ಮಗಳೇ ಬರೆಯಲಿ. ಹಾಸ್ಟೆಲ್, ಪಾಳಿ, ರಜೆ, ಜರ್ಮನ್ ತರಗತಿ, ಯಾವುದಾದರೂ ಸರಿ. ಅವಳಿಗೆ ಕೇಳಬೇಕಾದದ್ದು ನೀವು ಕೇಳಿದ್ದಕ್ಕಿಂತ ಬೇರೆಯೇ ಇರುತ್ತದೆ.