ಪ್ರತಿಕ್ರಿಯೆ: ಕಾಯ್ದೆ ಬಂದ ಮೇಲೂ ಅಡ್ಡಿ ಹೇಗೆ?

ಅಮೆರಿಕದಲ್ಲಿ 1965ರಲ್ಲೇ ಮತದಾನ ಹಕ್ಕುಗಳ ಕಾಯ್ದೆ ಬಂದಿರುವಾಗ ಕಪ್ಪು ವಿದ್ಯಾರ್ಥಿಗಳ ಮತ ತಡೆಯುವುದು ಹೇಗೆ ಸಾಧ್ಯ ಎಂದು ಕೇಳಿದ್ದೀರಿ. ಲಾಠಿ ಬೇಕಿಲ್ಲ, ಒಂದು ಅರ್ಜಿ ನಮೂನೆ ಸಾಕು.

ಟೆಕ್ಸಾಸ್ ರಾಜ್ಯದ ವಾಲರ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಪ್ರೇರಿ ವ್ಯೂ ವಿಶ್ವವಿದ್ಯಾಲಯವಿದೆ. ಮೊದಲಿನಿಂದಲೂ ಕಪ್ಪು ಜನರ ವಿದ್ಯಾಸಂಸ್ಥೆ. 1970ರ ದಶಕದಲ್ಲಿ ಅಲ್ಲಿನ ಮತದಾರರ ನೋಂದಣಿ ಅಧಿಕಾರಿ ಲೀರಾಯ್ ಸಿಮ್ ವಿದ್ಯಾರ್ಥಿಗಳ ಮುಂದೆ ಪ್ರಶ್ನಾವಳಿ ಇಡುತ್ತಿದ್ದ: ಈ ಕೌಂಟಿಯಲ್ಲಿ ನಿಮಗೆ ಆಸ್ತಿ ಇದೆಯೇ? ಓದು ಮುಗಿದ ಮೇಲೂ ಇಲ್ಲೇ ಇರುತ್ತೀರಾ? ಹಾಸ್ಟೆಲ್ ಹುಡುಗರಿಗೆ ಎಲ್ಲಿಯ ಆಸ್ತಿ! ಹಾಗಾಗಿ ನೋಂದಣಿಯೇ ತಪ್ಪುತ್ತಿತ್ತು. 1979ರಲ್ಲಿ ಸುಪ್ರೀಂ ಕೋರ್ಟ್, ವಿದ್ಯಾರ್ಥಿಗಳ ಪರವಾಗಿ ಕೆಳ ನ್ಯಾಯಾಲಯ ಕೊಟ್ಟಿದ್ದ ತೀರ್ಪನ್ನು ಎತ್ತಿಹಿಡಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. 2003–04ರಲ್ಲಿ ಜಿಲ್ಲಾ ಅಟಾರ್ನಿ, ಎಂದರೆ ಅಲ್ಲಿನ ಸರ್ಕಾರಿ ಅಭಿಯೋಜಕ, ಮತ ಹಾಕುವ ವಿದ್ಯಾರ್ಥಿಗಳಿಗೆ ಮೊಕದ್ದಮೆಯ ಬೆದರಿಕೆ ಹಾಕಿದರು. 2008ರಲ್ಲಿ ಮುಂಗಡ ಮತದಾನಕ್ಕೆ (ಚುನಾವಣೆಯ ದಿನಕ್ಕಿಂತ ಮೊದಲೇ ಮತ ಹಾಕುವುದಕ್ಕೆ) ಕ್ಯಾಂಪಸ್ಸಿನಲ್ಲಿ ಮತಗಟ್ಟೆ ಇಲ್ಲದೆ, ವಿದ್ಯಾರ್ಥಿಗಳು ಹೆದ್ದಾರಿ ಹಿಡಿದು ಹೆಂಪ್‌ಸ್ಟೆಡ್‌ವರೆಗೆ ಸುಮಾರು 11 ಕಿಲೋಮೀಟರ್ ಮೆರವಣಿಗೆಯಲ್ಲಿ ನಡೆದರು. 2011ರ ರಾಜ್ಯ ಕಾನೂನಂತೂ ಸಂಕೋಚವನ್ನೇ ಬಿಟ್ಟಿತು: ಮತ ಹಾಕುವಾಗ ಗುರುತಿಗೆ ಪಿಸ್ತೂಲಿನ ಪರವಾನಗಿ ನಡೆಯುತ್ತದೆ, ಕಾಲೇಜಿನ ಗುರುತಿನ ಚೀಟಿ ನಡೆಯದು.

ಇವುಗಳಲ್ಲಿ ಎಲ್ಲಿಯೂ ಮೈಬಣ್ಣದ ಹೆಸರೆತ್ತಿಲ್ಲ, ಗಮನಿಸಿ. ತಾರತಮ್ಯವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ಕಷ್ಟವಾಗುವುದೂ ಅದಕ್ಕೇ.